ಅವ್ವ ಫೋನಿನಲ್ಲಿ ಸೀರೆ ಮುಟ್ಟಿ ನೋಡಿದ್ದು

ಕಣ್ಣಿಗೆ ಕಂಡದ್ದನ್ನು ನಂಬುವವರು, ಕೈಗೆ ತಾಗಿದ್ದನ್ನು ನಂಬುವವರು ಎಂದು ಲೋಕದಲ್ಲಿ ಎರಡೇ ಪಂಗಡ. ಕುಷ್ಟಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಮೊದಲನೆಯದು, ನಮ್ಮವ್ವ ಎರಡನೆಯದು. ಅವಳೊಡನೆ ಬಟ್ಟೆ ಅಂಗಡಿಗೆ ಹೋಗುವುದೆಂದರೆ ನನಗೆ ಜೀವ ಬಾಯಿಗೆ ಬರುತ್ತದೆ. ಸೆರಗನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು, ಕಣ್ಣು ಮುಚ್ಚಿ ಉಜ್ಜುತ್ತಾಳೆ. ಗಂಗಾವತಿಯಲ್ಲೊಮ್ಮೆ ಗುಡ್ಡದಷ್ಟು ಸೀರೆ ಬಿಚ್ಚಿಸಿ, ಎಲ್ಲವನ್ನೂ ಉಜ್ಜಿ, ಕೊನೆಗೆ ಒಂದು ಕರ್ಚೀಫು ಕೊಂಡು ಎದ್ದು ಬಂದಿದ್ದಳು. ಆ ಬೀದಿಯಲ್ಲಿ ನಾನು ಈಗಲೂ ತಲೆ ತಗ್ಗಿಸಿಯೇ ನಡೆಯುವುದು.

ಹೀಗಾಗಿ ಶ್ರೀರಾಮನಗರಕ್ಕೆ ಕೊಟ್ಟ ತಂಗಿ ಸುಮಾಳ ಏಳನೇ ತಿಂಗಳ ಸೀಮಂತ, ನಮ್ಮ ಕಡೆಯ ಕುಬಸ, ನಿಶ್ಚಯವಾದಾಗ, ತವರಿನಿಂದ ಕೊಡಬೇಕಾದ ಹಸಿರು ಸೀರೆಯನ್ನು ಆನ್‌ಲೈನಿನಲ್ಲೇ ತರಿಸುತ್ತೇನೆಂದು ಹಟ ಹಿಡಿದೆ. ಗಿಳಿಹಸಿರಿನ, ಥಳಥಳ ಹೊಳೆಯುವ ಸೀರೆಯೊಂದನ್ನು ಆರಿಸಿ ಅವ್ವನ ಮುಂದೆ ಫೋನ್ ಹಿಡಿದೆ. ಅವಳು ರೂಢಿಯಂತೆ ಕಣ್ಣು ಮುಚ್ಚಿ ಗಾಜನ್ನೇ ಹೆಬ್ಬೆರಳಿನಿಂದ ಉಜ್ಜತೊಡಗಿದಳು.

"ಅಡ್ಡಿಯಿಲ್ಲ, ಮೆತ್ತಗೈತಿ. ತರಸು," ಎಂದಳು.

ಗಾಜು ಮೆತ್ತಗಿದೆಯಂತೆ. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಗುಂಡಿ ಒತ್ತಿಬಿಟ್ಟೆ.

ಪಾರ್ಸೆಲ್ ಬಂದದ್ದು ಕುಬಸದ ಹಿಂದಿನ ದಿನ. ಬಿಚ್ಚಿದರೆ ಹೊಳಪೂ ಇಲ್ಲ, ಗಿಳಿಯೂ ಇಲ್ಲ. ಮಂಕು ಹಸಿರಿನ ಸಾದಾ ಹತ್ತಿ ಸೀರೆ. ಕಳಿಸಿದವರನ್ನು ಬಯ್ಯೋಣವೆಂದು ಫೋನ್ ತೆರೆದರೆ ತಪ್ಪು ಅವರದಲ್ಲ. ಅವ್ವನ ಹೆಬ್ಬೆರಳು ಉಜ್ಜಿದ್ದಕ್ಕೆ ಚಿತ್ರ ಪಕ್ಕದ ಸೀರೆಗೆ ಜಾರಿತ್ತು. ಕಣ್ಣನ್ನು ನಂಬುವ ನಾನು ಒತ್ತುವ ಮುಂಚೆ ಕಣ್ಣು ಬಿಟ್ಟು ನೋಡಿರಲಿಲ್ಲ. ಬದಲಿಸಲು ಸಮಯವಿಲ್ಲ. ಬೀಗರ ಮುಂದೆ ತವರಿನ ಮಾನ ಹೋಗುವುದಿರಲಿ, ತಂಗಿಯ ಮುಖ ಸಪ್ಪಗಾಗುವುದನ್ನು ನೆನೆದೇ ನನಗೆ ಊಟ ಸೇರಲಿಲ್ಲ.

ಮರುದಿನ ಹಸಿರು ಬಳೆಗಳ ಕೆಳಗೆ ಸೀರೆಯನ್ನು ಆದಷ್ಟು ಅಡಗಿಸಿ ತಟ್ಟೆ ಹಿಡಿದು ಅವ್ವನೊಡನೆ ಹೋದೆ. ಸುಮಾ ಅದನ್ನು ಎಳೆದು ತೆಗೆದು ಕೆನ್ನೆಗೆ ಒತ್ತಿಕೊಂಡಳು. ನಾನು ಬಾಗಿಲ ಕಡೆ ನೋಡಿದೆ.

"ಅಣ್ಣಾ, ಹೊಳಿಯೋ ಸೀರಿ ಉಟ್ಟು ಉಟ್ಟು ಮೈಯೆಲ್ಲಾ ಗುಳ್ಳಿ ಎದ್ದಾವ. ಈ ಸೆಕಿಯಾಗ ಇಂಥಾದ ಬೇಕಾಗಿತ್ತು ನೋಡು," ಎಂದಳು. ಅವಳ ಕಣ್ಣು ತುಂಬಿತ್ತು.

ನನಗೆ ಹೋದ ಜೀವ ಬಂತು. ಹಿಂದಿನ ದಿನದ ಹಸಿವೂ ಸೇರಿ ಎರಡೆರಡು ಸಲ ಸಿಹಿ ಮಾದಲಿ ಹಾಕಿಸಿಕೊಂಡು ಉಂಡೆ. ತಂಗಿಯ ಅತ್ತೆ ನನ್ನ ಆಯ್ಕೆಯನ್ನು ಹೊಗಳಿದಾಗ ಸುಮ್ಮನೆ ನಕ್ಕು ಒಪ್ಪಿಕೊಳ್ಳುವವನಿದ್ದೆ. ಪಕ್ಕದಲ್ಲಿದ್ದ ಅವ್ವ ಬಿಡಬೇಕಲ್ಲ.

"ಅಂವಗೇನ್ ತಿಳೀತೈತ್ರಿ. ನಾ ಉಜ್ಜಿ ನೋಡೇ ತರಸು ಅಂದಿದ್ದೆ," ಎಂದಳು.

ನಡೆದದ್ದನ್ನು ಅವಳಿಗೆ ವೈಜ್ಞಾನಿಕವಾಗಿ ತಿಳಿಸಬೇಕೆಂದು ಹಲವು ಸಲ ಅಂದುಕೊಂಡೆ. ಹೋದ ವಾರ ನನಗೊಂದು ಜೊತೆ ಚಪ್ಪಲಿ ಬೇಕಾಯಿತು. ತರಗತಿಯಲ್ಲಿ ಸ್ಪರ್ಶೇಂದ್ರಿಯದ ಪಾಠ ಮುಗಿಸಿ ಬಂದವನು, ಹೆಂಡತಿ ಒಳಗಿರುವುದನ್ನು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಫೋನನ್ನು ಅವ್ವನ ಹೆಬ್ಬೆರಳಿನ ಕೆಳಗೆ ಹಿಡಿದೆ.

"ಬ್ಯಾಡ, ಕಚ್ಚತಾವ," ಎಂದಳು.

ತರಿಸಲಿಲ್ಲ.