ಸುಮ್ಮನೆ ಕೂತ ಮೂವರು

ಯಾರಾದರೂ ಸುಮ್ಮನೆ ಕೂತಿದ್ದರೆ ನನಗೆ ತಡೆದುಕೊಳ್ಳಲಾಗುವುದಿಲ್ಲ. ಸುಮ್ಮನೆ ಕೂರುವುದರಲ್ಲಿ ನಾನೇ ಪಳಗಿದವನು. ಆ ಜಾಗದಲ್ಲಿ ಇನ್ನೊಬ್ಬರನ್ನು ಕಂಡರೆ ಬಹುಶಃ ಹೊಟ್ಟೆಕಿಚ್ಚು. ಮದುವೆಯಾದ ಹೊಸದರಲ್ಲಿ ನಮ್ಮ ಅಡುಗೆಮನೆಯ ಕಪಾಟಿನ ಒಂದು ಕಾಲಿನ ಕೆಳಗೆ ಚಪ್ಪಟೆ ಕಲ್ಲೊಂದಿತ್ತು. ದಿನವೂ ಅದನ್ನು ಎಡವುತ್ತಿದ್ದೆ. ಇದರ ಕೆಲಸವೇನು ಎಂದು ಕೇಳಿದೆ, ಸಮಾಧಾನವಾಗುವ ಉತ್ತರ ಬರಲಿಲ್ಲ, ತೆಗೆದುಹಾಕಿದೆ. ಕಪಾಟು ಎರಡು ದಿನ ಮರ್ಯಾದೆಯಿಂದ ನಿಂತು, ಮೂರನೆಯ ದಿನ ಶೇಂಗಾ ಚಟ್ನಿಯ ಬರಣಿಗಳ ಸಮೇತ ಮುಂದಕ್ಕೆ ಬಾಗಿ ನೆಲಕ್ಕೆ ನಮಸ್ಕಾರ ಮಾಡಿತು. "ಕಲ್ಲಿಗೆ ಏನ್ ಕೆಲಸ ಅದ ಅಂತ ಕೇಳ್ತಿದ್ರಲ್ಲಾ, ಈಗ ತಿಳೀತಾ?" ಎಂದಳು ಹೆಂಡತಿ ಸುಮನ್. ತಿಳಿಯಿತು ಎಂದೆ. ತಿಳಿದಿರಲಿಲ್ಲ ಎನ್ನುವುದಕ್ಕೆ ಈ ಪ್ರಬಂಧವೇ ಸಾಕ್ಷಿ.

ತೊಂಬತ್ತರ ದಶಕದ ಕೊನೆಗೆ ನಾನು ಸೊಲ್ಲಾಪುರದ ಒಂದು ಜವಳಿ ಕಂಪನಿಯ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ನೋಡಿಕೊಳ್ಳುತ್ತಿದ್ದೆ ಎನ್ನುವುದು ಅಕ್ಷರಶಃ ನಿಜ. ದಿನವೆಲ್ಲ ಅವುಗಳನ್ನು ನೋಡುತ್ತಿದ್ದೆ. ಗಾಜಿನ ಕೋಣೆಯಲ್ಲಿ ಎರಡು ದೊಡ್ಡ ಸರ್ವರುಗಳಿದ್ದವು. ಬೇಸಿಗೆಯಲ್ಲಿ ಇಡೀ ಕಚೇರಿಗೆ ಏನಾದರೊಂದು ನೆಪ ಹಿಡಿದು ಆ ಕೋಣೆಗೆ ಬರುವ ಭಕ್ತಿ ಹುಟ್ಟುತ್ತಿತ್ತು, ಏಕೆಂದರೆ ಎ.ಸಿ. ಇದ್ದದ್ದು ಅಲ್ಲೊಂದೇ ಕಡೆ. ಯಂತ್ರಗಳಿಗೆ ಅಣ್ಣ, ತಮ್ಮ ಎಂದು ಹೆಸರಿಟ್ಟಿದ್ದೆವು. ಎರಡನ್ನೂ ಸೇರಿಸಿ ಒಂದೇ ಮನೆಯಂತೆ ನಡೆಸುವ ತಂತ್ರಾಂಶವನ್ನು ಪುಣೆಯಿಂದ ಬಂದವರು ಹಾಕಿಕೊಟ್ಟು, ಇಂಗ್ಲಿಷಿನ ದಪ್ಪ ಪುಸ್ತಕವೊಂದನ್ನು ನನ್ನ ಕೈಗಿಟ್ಟು ಹೋಗಿದ್ದರು. ಅಣ್ಣನಲ್ಲಿ ಬರೆದದ್ದು ತಮ್ಮನಿಗೂ ತಿಳಿಯಬೇಕು, ಒಬ್ಬ ಮಲಗಿದರೆ ಇನ್ನೊಬ್ಬ ಮನೆ ನಡೆಸಬೇಕು. ಅದರ ಸಾರ ಇಷ್ಟು. ಪುಸ್ತಕವನ್ನು ಫ್ಯಾನಿಗೆ ಹಾರುವ ಕಾಗದಗಳ ಮೇಲೆ ಇಟ್ಟುಕೊಂಡಿದ್ದೆ.

ಈ ಒಗ್ಗಟ್ಟು ತಾನಾಗಿ ನಡೆಯುತ್ತಿರಲಿಲ್ಲ. ಪರದೆಯ ಮೇಲೆ ಮುಖ ತೋರಿಸದ ಹತ್ತಾರು ಕೆಲಸದವರು ಹಿಂದೆ ಓಡಾಡುತ್ತಿದ್ದರು. ಮನುಷ್ಯರಲ್ಲ, ಸಣ್ಣ ಸಣ್ಣ ಪ್ರೋಗ್ರಾಮುಗಳು. ಒಬ್ಬ ಕ್ಷಣಕ್ಕೊಮ್ಮೆ ಆಚೆಯ ಯಂತ್ರವನ್ನು "ಇದ್ದೀಯೇನೋ?" ಎಂದು ಕೇಳುವವನು. ಅದು "ಇದ್ದೀನಿ" ಎನ್ನಬೇಕು. ಹಗಲೂ ರಾತ್ರಿ ಇಷ್ಟೇ ಸಂಭಾಷಣೆ. ಇನ್ನೊಬ್ಬ ಇಲ್ಲಿಯ ಸುದ್ದಿ ಅಲ್ಲಿಗೆ ಒಯ್ಯುವವನು. ಮತ್ತೊಬ್ಬ ಎರಡರ ಗಡಿಯಾರವನ್ನೂ ಹೊಂದಿಸಿಡುವವನು. ಅರ್ಧಕ್ಕೆ ಬಿಟ್ಟುಹೋದವರ ಎಂಜಲೆಲೆ ತೆಗೆಯುವವನು ಒಬ್ಬ, ಇವರೆಲ್ಲ ಬದುಕಿದ್ದಾರೋ ಇಲ್ಲವೋ ಎಂದು ಕಾಯುವವನು ಒಬ್ಬ. ಇದೆಲ್ಲ ಈಗಿನ ತಿಳಿವಳಿಕೆ. ಆಗ ನನಗೆ ಕಂಡದ್ದು ಒಂದು ಉದ್ದನೆಯ ಪಟ್ಟಿ: ಮೂರ್ನಾಲ್ಕು ಅಕ್ಷರದ ಹೆಸರುಗಳು, ಪ್ರತಿಯೊಬ್ಬರೂ ಹಿಡಿದುಕೊಂಡ ಜಾಗ, ಮಾಡಿದ ಕೆಲಸ ಸೊನ್ನೆಗೆ ಹತ್ತಿರ. ಮದುವೆಮನೆಯಲ್ಲಿ ಮಂಚದ ಮೇಲೆ ಕೂತು ಅಡಿಕೆ ಕತ್ತರಿಸುವ ಹಿರಿಯರನ್ನು ನೋಡಿದ ಹಾಗಾಯಿತು. ಬೀಗರು ಮುನಿಸಿಕೊಂಡು ಎದ್ದಾಗ ಅವರನ್ನು ಕರೆತರುವುದು ಆ ಹಿರಿಯರೇ ಎನ್ನುವುದು ಮಾತ್ರ ನೆನಪಾಗಲಿಲ್ಲ.

ಬೇಸಿಗೆಯಲ್ಲಿ, ಪರೀಕ್ಷೆಗೆಂದು, ಗಡಿಯಾರದವನನ್ನು ನಿಲ್ಲಿಸಿ, ಹಾಗೆಯೇ ಬಿಟ್ಟೆ. ಏನೂ ಆಗಲಿಲ್ಲ. ಏನೂ ಆಗದಿರುವುದರಷ್ಟು ಧೈರ್ಯ ಕೊಡುವ ವಸ್ತು ಲೋಕದಲ್ಲಿ ಬೇರೆ ಇಲ್ಲ.

ಕಂಪನಿಯ ಟ್ರಸ್ಟಿನದೊಂದು ಡಿ.ಎಡ್. ಕಾಲೇಜು ಇತ್ತು. ಪ್ರಾಥಮಿಕ ಶಾಲೆಯ ಶಿಕ್ಷಕರನ್ನು ತಯಾರು ಮಾಡುವ ಕೋರ್ಸು. ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಗಳಿಗಾಗಿ ಕನ್ನಡ ಮಾಧ್ಯಮದ ಕೆಲವೇ ಸೀಟುಗಳು ಅದರಲ್ಲಿದ್ದವು. ಪ್ರವೇಶದ ಕೆಲಸ ನಮ್ಮ ಯಂತ್ರಗಳ ಮೇಲೆಯೇ. ಸೊಲ್ಲಾಪುರದ ಕೌಂಟರು ಅಣ್ಣನ ಮೇಲೆ, ಅಕ್ಕಲಕೋಟದ ಕೌಂಟರು ಟೆಲಿಫೋನ್ ತಂತಿಯ ಮೂಲಕ ತಮ್ಮನ ಮೇಲೆ. ಕೊನೆಯ ದಿನ ಉಳಿದ ಸೀಟುಗಳನ್ನು ಮೊದಲು ಬಂದವರಿಗೆ ಕೊಡುವ ಪದ್ಧತಿ. ಆ ಬೆಳಿಗ್ಗೆ ಕನ್ನಡ ಮಾಧ್ಯಮದಲ್ಲಿ ಉಳಿದದ್ದು ಒಂದೇ ಒಂದು.

ಯಂತ್ರಗಳು ಎತ್ತಿನ ಗಾಡಿಯಂತೆ ನಡೆಯುತ್ತಿದ್ದವು. ಕಾಲೇಜಿನ ಪ್ರಿನ್ಸಿಪಾಲ್, ಎಲ್ಲರೂ ಬಾಯಿ ಎಂದು ಕರೆಯುವ ಮರಾಠಿ ಹೆಂಗಸು, ಎರಡು ಸಲ ಫೋನು ಮಾಡಿ "ಕಾಯ ಝಾಲಂ, ಸಾಹೇಬ?", ಏನಾಯಿತು ಎಂದು ಕೇಳಿದರು. ನಾನು ಪಟ್ಟಿ ತೆಗೆದು, "ಇದ್ದೀಯೇನೋ" ಎನ್ನುವವನನ್ನೂ ಸುದ್ದಿ ಒಯ್ಯುವವನನ್ನೂ ಮನೆಗೆ ಕಳಿಸಿದೆ. ಕೂಡಲೇ ಎಲ್ಲ ಚುರುಕಾಯಿತು. ಚಹಾ ತರಿಸಿಕೊಂಡು ಕುಡಿದೆ. ಒಳಗೆ ಏನಾಗಿತ್ತೆಂದರೆ, ತಮ್ಮ ಸತ್ತ ಎಂದು ಅಣ್ಣನಿಗೆ ಅನಿಸಿತ್ತು, ಅಣ್ಣ ಸತ್ತ ಎಂದು ತಮ್ಮನಿಗೆ. ಇಬ್ಬರೂ ಅತ್ತ ಹಾಗೆ ಕಾಣಲಿಲ್ಲ. ಇಡೀ ಮನೆಗೆ ತಾನೊಬ್ಬನೇ ವಾರಸುದಾರನೆಂದು ಇಬ್ಬರೂ ಕಾರುಬಾರು ಶುರುಮಾಡಿದರು. ಆ ಒಂದು ಸೀಟನ್ನು ಅಣ್ಣ ಮಂಗಳವೇಢೆಯ ಹುಡುಗಿಗೆ ಕೊಟ್ಟ, ತಮ್ಮ ಕರಜಗಿಯ ಹುಡುಗಿಗೆ ಕೊಟ್ಟ.

ಮಧ್ಯಾಹ್ನ ಅಕ್ಕಲಕೋಟದ ಕೌಂಟರಿನ ಗುಮಾಸ್ತ ಗುರುಬಸಪ್ಪನ ಫೋನು ಬಂತು. "ಸಾಹೇಬ್ರ, ಆ ಸೀಟ ಸೊಲ್ಲಾಪುರದಾಗೂ ಕೊಟ್ಟಾರಂತಲ್ರಿ? ಇಲ್ಲಿ ಕರಜಗಿ ಸುನಂದಾ ಅನ್ನೂ ಹುಡುಗಿ ನಾ ಬಾಗಲಾ ತಗಿಯೂಕಿಂತ ಮೊದಲ ಬಂದು ಪಾವಟಿಗಿ ಮ್ಯಾಲೆ ಕುಂತಿದ್ಳ್ರಿ. ಆಕಿ ವಯಸ್ಸಿನ ಮಿತಿ ಈ ವರ್ಷಕ್ಕ ಮುಗೀತೈತಿ. ಈಗ ಹೋತು ಅಂದ್ರ ಹೋತು."

ಫೋನು ಇಟ್ಟೆ. ಮೊದಲು ಮಾಡಿದ ಕೆಲಸ, ಮನೆಗೆ ಕಳಿಸಿದ್ದ ಮೂವರನ್ನೂ ಅವಸರದಿಂದ ವಾಪಸು ಕರೆದದ್ದು. ಅವರು ಮುನಿಸಿಕೊಳ್ಳದೆ ಬಂದು ಕೆಲಸಕ್ಕೆ ಕೂತರು. ಗಡಿಯಾರದವನಂತೂ ಪ್ರಾಮಾಣಿಕ, ಬಂದವನೇ, ಇಷ್ಟು ದಿನ ದಾರಿ ತಪ್ಪಿದ್ದ ಎರಡು ಗಡಿಯಾರಗಳನ್ನೂ ಒಂದೇ ಸಮಯಕ್ಕೆ ತಂದು ನಿಲ್ಲಿಸಿದ. ಅಷ್ಟರ ಮೇಲೆ, ಬೆಳಿಗ್ಗೆ ಯಾವುದು ಎಷ್ಟು ಹಿಂದಿತ್ತು, ಎಷ್ಟು ಮುಂದಿತ್ತು ಎಂದು ಹೇಳಬಲ್ಲವರು ಭೂಮಿಯ ಮೇಲೆ ಯಾರೂ ಉಳಿಯಲಿಲ್ಲ.

ಎರಡು ರಸೀದಿಗಳೂ ಪ್ರಿನ್ಸಿಪಾಲ್ ಬಾಯಿಯ ಮೇಜಿನ ಮೇಲೆ ಬಂದವು. ಮಂಗಳವೇಢೆಯ ಹುಡುಗಿಯದು ಮೂರು ನಿಮಿಷ ಮೊದಲು. ಬಾಯಿ ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ಅವರು ಮರಾಠಿಯಲ್ಲಿ ಹೇಳಿದ್ದು ಇಷ್ಟು: ಇದರಲ್ಲಿ ಅನುಮಾನವಿದ್ದರೆ ಈಗಲೇ ಹೇಳಿ. ನಮ್ಮ ಯಂತ್ರ ತಪ್ಪಿತು ಎಂದು ನಾಲ್ಕು ಸಾಲು ಬರೆದುಕೊಟ್ಟರೆ ನಾಳೆಯೇ ಪುಣೆಗೆ ಹೋಗಿ ಇನ್ನೊಂದು ಸೀಟು ಮಂಜೂರು ಮಾಡಿಸಿಕೊಂಡು ಬರುತ್ತೇನೆ. "ಫಕ್ತ ಲಿಹೂನ್ ದ್ಯಾ." ಬರೆದುಕೊಡಿ, ಅಷ್ಟೇ ಸಾಕು.

ಬರೆದರೆ ಏನಾಗುತ್ತಿತ್ತು? ಯಂತ್ರ ಯಾಕೆ ತಪ್ಪಿತು ಎಂದು ಕಂಪನಿ ಕೇಳುತ್ತಿತ್ತು. ಕಾಗದ ಹಾರದಂತೆ ಇಟ್ಟ ಪುಸ್ತಕವನ್ನು ಯಾರಾದರೂ ತೆರೆಯುತ್ತಿದ್ದರು. ನೌಕರಿ ಹೋಗುತ್ತಿತ್ತೇ? ಆಗ ಖಂಡಿತ ಹೋಗುತ್ತದೆ ಅನಿಸಿತ್ತು. ಈಗ ಯೋಚಿಸಿದರೆ ಎರಡು ಬೈಗುಳದಲ್ಲಿ ಮುಗಿಯುತ್ತಿತ್ತೇನೋ. ಅಂದಿನ ಭಯವನ್ನು ದೊಡ್ಡದು ಮಾಡಿದರೆ ಇಂದು ನನಗೆ ಅನುಕೂಲ; ಆದ್ದರಿಂದ ಈ ವಿಷಯದಲ್ಲಿ ನನ್ನ ನೆನಪನ್ನು ನೀವು ಪೂರ್ತಿ ನಂಬಬೇಡಿ. ನಾನು ಆಡಿದ ಮಾತನ್ನು ಮಾತ್ರ ನಂಬಬಹುದು: "ಅನುಮಾನ ಏನಿಲ್ಲ, ಬಾಯಿ. ಮಶಿನ್ ಪ್ರಕಾರ ಮಂಗಳವೇಢೆಯ ಹುಡುಗಿಯೇ ಮೊದಲು." ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎನ್ನುವುದು ನನ್ನ ಆ ಹೊತ್ತಿನ ಹೆಮ್ಮೆ.

ಮರುದಿನ ಸುನಂದಾ ತಾಯಿಯನ್ನು ಕರೆದುಕೊಂಡು ಎಸ್.ಟಿ. ಬಸ್ಸಿನಲ್ಲಿ ಬಂದಳು. ತಾಯಿ ಹೊಲದ ಕೂಲಿಗೆ ಹೋಗುವಾಕೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಗಾಜಿನ ಕೋಣೆಗೆ ಬಂದವಳೇ, "ಅಯ್ಯ, ಏಟ್ ಥಂಡಿ ಐತ್ರಿ ಇಲ್ಲಿ" ಎಂದು ಸೆರಗು ಹೊದ್ದುಕೊಂಡಳು. ಸುನಂದಾಗೆ ಥಂಡಿಯ ಕಡೆ ಲಕ್ಷ್ಯವಿರಲಿಲ್ಲ. ಊರಿನ ಶಾಲೆಯಲ್ಲಿ ಮಾಸ್ತರರು ರಜೆ ಹಾಕಿದಾಗಲೆಲ್ಲ ಮಕ್ಕಳಿಗೆ ಪಾಠ ಹೇಳಿ ಅವಳಿಗೆ ಅಭ್ಯಾಸವಿತ್ತು. ತಪ್ಪು ಲೆಕ್ಕ ಮಾಡಿದ ಹುಡುಗನನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

"ಸರ್, ಎರಡೂ ಮಶಿನ್ನಿನ ಗಡಿಯಾರ ಬರೋಬರಿ ಅದಾವೇನ್ರಿ?"

ದಪ್ಪ ಪುಸ್ತಕ ಓದಿದವನು ಕೇಳಬೇಕಾದ ಪ್ರಶ್ನೆ. ಓದದೇ ಇದ್ದವಳು ಕೇಳಿದಳು. ಓದಬೇಕಾಗಿದ್ದವನು ಎದ್ದು ಅವಳನ್ನು ಎರಡು ಪರದೆಗಳ ಮುಂದೆ ನಿಲ್ಲಿಸಿ, "ನೀವೇ ನೋಡ್ರಿ" ಎಂದ. ನೋಡಿದಳು. ಎರಡೂ ಒಂದೇ ಸಮಯ ತೋರಿಸುತ್ತಿದ್ದವು, ಸೆಕೆಂಡಿಗೆ ಸೆಕೆಂಡು ಸರಿಯಾಗಿ. ಬಹಳ ಹೊತ್ತು ನೋಡಿದಳೆಂದು ನನ್ನ ನೆನಪು. ನೆನಪು ಅವಳನ್ನು ಪ್ರತಿ ವರ್ಷ ಇನ್ನಷ್ಟು ಹೊತ್ತು ಅಲ್ಲಿ ನಿಲ್ಲಿಸುತ್ತಿದೆ.

"ನಡಿ ಯವ್ವಾ," ಎಂದಳು ತಾಯಿ. ಆಮೇಲೆ ನನ್ನ ಕಡೆ ತಿರುಗಿ, "ಮನಷ್ಯಾರು ಹಿಂಗ ಹೇಳಿದ್ರ ನಾ ಇಲ್ಲೇ ಕುಂತು ಜಗಳಾ ತಗೀತಿದ್ನಿರಿ ಸಾಹೇಬ್ರ, ಬಿಡ್ತಿದ್ದಿಲ್ಲ. ಮಶಿನ್ನಿಗೆ ನಾವ್ ಯಾರಂತ ಏನ್ ಗೊತ್ತು? ಅದ್ಯಾಕ ನಮಗ ಸುಳ್ಳ ಹೇಳತೈತಿ?" ಎಂದಳು. ಇಷ್ಟು ಸಮಾಧಾನದಿಂದ ತೋರಿಸಿದ್ದಕ್ಕೆ ಕೈಮುಗಿದು, ದಾರಿಗೆಂದು ಕಟ್ಟಿಕೊಂಡು ಬಂದಿದ್ದ ಎರಡು ಕಡಕ್ ರೊಟ್ಟಿಯನ್ನು ನನ್ನ ಮೇಜಿನ ಮೇಲೆ ಇಟ್ಟಳು. ಅದನ್ನು ತಿನ್ನಲಾರದೆ ಹೋದೆ ಎಂದು ಬರೆಯಲು ಆಸೆಯಿದೆ. ಊಟದ ಹೊತ್ತಾಗಿತ್ತು, ತಿಂದೆ.

ಸುನಂದಾ ಮುಂದೆ ಏನಾದಳೋ ನನಗೆ ಗೊತ್ತಿಲ್ಲ. ಕುರನೂರಿನಲ್ಲಿ ಅಂಗನವಾಡಿ ನಡೆಸುತ್ತಾಳೆಂದು ಗುರುಬಸಪ್ಪ ಒಮ್ಮೆ ಹೇಳಿದ. ಇನ್ನೊಮ್ಮೆ, ಅದು ಬೇರೆ ಸುನಂದಾ ಎಂದ. ಮೂರನೆಯ ಸಲ ನಾನು ಕೇಳಲಿಲ್ಲ.

ಈ ಪ್ರಬಂಧದ ಮೊದಲ ಪ್ರತಿಯಲ್ಲಿ ನಾನು ಸುನಂದಾಳನ್ನು ಬಸ್ ಸ್ಟ್ಯಾಂಡಿನ ತನಕ ಹಿಂಬಾಲಿಸಿ ಹೋಗಿ ಎಲ್ಲವನ್ನೂ ಒಪ್ಪಿಕೊಂಡಿದ್ದೆ. ಚೆನ್ನಾಗಿ ಬಂದಿತ್ತು, ಧೂಳು, ಬಸ್ಸಿನ ಹಾರನ್ನು, ನನ್ನ ಕಣ್ಣೀರು ಎಲ್ಲ ಇತ್ತು. ಸುಮನ್ ಓದಿ, "ಈ ಮನುಷ್ಯಾ ಭಾಳ ಛಲೋ ಇದ್ದಾನ. ಯಾರಿವಾ? ನಮ್ಮ ಮನಿಗೆ ಒಮ್ಮೆನೂ ಬಂದಿಲ್ಲಲ್ಲ?" ಎಂದಳು. ಆ ಪುಟ ಹರಿದು, ನಡೆದದ್ದನ್ನೇ ಬರೆದು ಮತ್ತೆ ಕೊಟ್ಟೆ. ಈ ಸಲವೂ ಓದಿದಳು.

"ಅವತ್ತು ನಾಕ ಸಾಲು ಬರದುಕೊಡ್ರಿ ಅಂತ ಆ ಬಾಯಿ ಕೇಳಿದ್ರು, ನಿಮ್ಮ ಕೈಲೆ ಆಗಲಿಲ್ಲ. ಈಗ ಯಾರೂ ಕೇಳಲಾರದ ಇಷ್ಟುದ್ದ ಬರದೀರಿ," ಎಂದಳು. ಕಾಗದಗಳನ್ನು ಮಡಿಸುತ್ತ, "ಹೋಗಲಿ, ಕಳಸ್ರಿ. ನಮ್ಮ ಕಡೆ ಕನ್ನಡಾ ಓದೂ ಮಂದಿನ ಕಡಿಮಿ. ಆದ್ರ ಆ ಸುನಂದಾ ಓದ್ತಾಳ ನೋಡ್ರಿ."

ಅದು ನನಗೆ ಹೊಳೆದಿರಲಿಲ್ಲ. ಪ್ರಬಂಧವನ್ನು ಇಂದೇ ಅಂಚೆಗೆ ಹಾಕುತ್ತಿದ್ದೇನೆ. ಜೊತೆಗೊಂದು ಚೀಟಿ ಇಟ್ಟಿದ್ದೇನೆ: ಸಂಪಾದಕರೇ, ದಯವಿಟ್ಟು ಲೇಖಕನ ಹೆಸರು ಹಾಕಬೇಡಿ.