ಅತ್ತೆಯ ಕಲ್ಲಣಬೆಗೆ ನಾನಿಟ್ಟ ಗುರುತು

ನಾನು ಲೆಕ್ಕ ಇಡುವ ಮನುಷ್ಯ. ಹಲ್ಲುಜ್ಜುವ ಬ್ರಷ್ ಬದಲಿಸಿದರೂ ತಾರೀಕು ಸಮೇತ ಡೈರಿಯಲ್ಲಿ ದಾಖಲಾಗುತ್ತದೆ. ಇಂಥವನ ಕೈಗೆ ಜೀವವೈವಿಧ್ಯದ ಆ್ಯಪ್ ಸಿಕ್ಕ ಮೇಲೆ ವಿಜ್ಞಾನಕ್ಕೆ ಇನ್ನೇನು ಕೊರತೆ! ಗಿಡವೋ ಹುಳುವೋ ಕಂಡರೆ ಫೋಟೊ, ಹೆಸರು, ದಿನ, ಜಾಗ ಹಾಕಬೇಕು. ಬೇರೆ ಯಾರಾದರೂ ನೋಡಿ 'ಹೌದು, ಇದು ಅದೇ' ಎಂದರೆ ದಾಖಲೆ ದೃಢಪಟ್ಟಂತೆ. ಮೇ ಕೊನೆಗೆ ನನ್ನ ಲೆಕ್ಕ: ದಾಖಲೆ ನಲವತ್ತೊಂದು, ಅದರಲ್ಲಿ ಕಾಗೆ ಇಪ್ಪತ್ತೆರಡು. ದೃಢಪಟ್ಟದ್ದು ಸೊನ್ನೆ. ಕಾಗೆಯನ್ನು ಕಾಗೆ ಎನ್ನಲೂ ಒಬ್ಬರಿಲ್ಲ!

ಜೂನ್ ಮೊದಲ ವಾರ ಗುಡುಗಿ ಮಳೆ ಬಂತು. ಬಸ್ರೂರಿನ ಅತ್ತೆ ಹೊಸ ಅಳಿಯನಾದ ನನ್ನನ್ನು ಮನೆ ಹಿಂದಿನ ಹಾಡಿಗೆ ಕರೆದೊಯ್ದರು. ಹಾಡಿ ಎಂದರೆ ನಮ್ಮಲ್ಲಿ ಸಣ್ಣ ಕುರುಚಲು ಕಾಡು. ಒಂದು ಗೇರುಮರದ ಬುಡದಲ್ಲಿ ಅತ್ತೆ ಕೋಲಿನಿಂದ ಮಣ್ಣು ಕೆದಕಿದರು. ಮೊದಲ ಗುಡುಗು ಮಳೆಗೆ ಮಣ್ಣೊಳಗೇ ಹುಟ್ಟುವ, ಗೋಲಿಯಂಥ ಕಲ್ಲಣಬೆ!

"ಇನ್ನೂ ಎಳತ್. ಆದಿತ್ಯವಾರ ಬೆಳಿಗ್ಗೆ ತೆಗ್ದ್ರಾಯ್ತ್. ಮುಂಬೈಯಿಂದ ಅಣ್ಣಯ್ಯ ಬತ್ತ, ವರ್ಷಕ್ಕೊಂದ್ ಸಲ ಅವ್ನಿಗೆ ಇದ್ರ ಸುಕ್ಕ ಮಾಡಿ ಹಾಕ್ದಿರೆ ನಂಗ್ ಸಮಾಧಾನ ಇಲ್ಲೆ. ಕಾಣಿ, ಈ ಜಾಗ ಯಾರಿಗೂ ಹೇಳುಕಿಲ್ಲೆ."

"ಬಾಯಿ ಬಿಡುವುದಿಲ್ಲ ಅತ್ತೆ" ಎಂದೆ. ಮಾತಿಗೆ ತಪ್ಪಲಿಲ್ಲ. ಬಾಯಿ ಬಿಡಲೇ ಇಲ್ಲ. ಬೆರಳಿನಲ್ಲಿ ಒತ್ತಿದೆ, ಅಷ್ಟೆ!

'ನಿಖರ ಜಾಗವನ್ನು ಮರೆಮಾಡಬೇಕೆ?' ಎಂದು, ಕಲ್ಲಣಬೆಯ ಫೋಟೊ ಹಾಕುವಾಗ ಆ್ಯಪ್ ಕೇಳಿತ್ತು. ಮುಚ್ಚುಮರೆ ವಿಜ್ಞಾನಕ್ಕೆ ಶೋಭೆಯಲ್ಲವೆಂದು 'ಬೇಡ' ಒತ್ತಿದೆ. ಜೊತೆಗೆ, ಮುಂದಿನ ಸಂಶೋಧಕರಿಗೆ ಅನುಕೂಲವಾಗಲೆಂದು 'ಬಾವಿಯ ಎಡಕ್ಕೆ, ಒಂಟಿ ಗೇರುಮರದ ಬುಡ' ಎಂದು ಟಿಪ್ಪಣಿಯನ್ನೂ ಬರೆದೆ.

ಸಂಶೋಧಕರು ಭಾನುವಾರ ಬಂದರು. ಬೆಳಿಗ್ಗೆ ಅತ್ತೆಯ ಜೊತೆ ಹೋಗಿ ನೋಡಿದರೆ, ಹಾಡಿಯ ಬಾಯಲ್ಲಿ ಎರಡು ರಿಕ್ಷಾ, ಬೈಕುಗಳ ಸಾಲು! ಗೇರುಮರದ ಸುತ್ತ ಗದ್ದೆ ಉತ್ತ ಹಾಗಿತ್ತು. ತುಂಬಿದ ಚೀಲ ಹೊತ್ತು ಬಂದ ಅಪರಿಚಿತರೊಬ್ಬರು ಅತ್ತೆಗೇ ಸಂತಾಪ ಸೂಚಿಸಿದರು.

"ಹ್ವಾಯ್, ನೀವ್ ಲೇಟ್ ಮಾಡ್ದ್ರಿ! ಎಲ್ಲಾ ಖಾಲಿ. ಯಾರೋ ಪುಣ್ಯಾತ್ಮ ಮ್ಯಾಪ್ ಹಾಕಿದ್ದ. ಕುಂದಾಪ್ರದ ವಾಟ್ಸ್ಯಾಪ್ ಗುಂಪಲ್ಲೆಲ್ಲ ಬಂದಿತ್!"

"ಯಾರಂಬ್ರು ಅವ?" ಎಂದರು ಅತ್ತೆ.

ಅವರು ಮೊಬೈಲಿನಲ್ಲಿ ದಾಖಲೆ ಹಾಕಿದವನ ಪ್ರೊಫೈಲ್ ಚಿತ್ರ ತೋರಿಸಿದರು. ನನ್ನ ಮದುವೆಯ ಫೋಟೊ! ಬಾಸಿಂಗ ಕಟ್ಟಿಕೊಂಡು ನಗುತ್ತಿದ್ದವನು ನಾನು. ಪಕ್ಕದಲ್ಲಿ ಅರ್ಧ ಮುಖ ಅತ್ತೆಯದೇ!

ಅತ್ತೆ ಕೋಲು ಬೀಸುತ್ತ ಸರಸರ ಮನೆಗೆ ನಡೆದರು. ಅಲ್ಲಿ ನನ್ನ ವಿಚಾರಣೆಗೆ ನಿಂತದ್ದು ಹೆಂಡತಿ ಶ್ವೇತಾ.

"ಹೊಟ್ಟೆಲ್ ಹುಟ್ಟಿದ್ ನಂಗೇ ಅಮ್ಮ ಆ ಜಾಗ ತೋರ್ಸಿರ್ಲಿಲ್ಲೆ. ನಿಮ್ಗ್ ತೋರ್ಸಿದ್ರ್. ನೀವ್ ಎಂತ ಮಾಡ್ದ್ರಿ? ಇಡೀ ಪ್ರಪಂಚಕ್ಕ್ ತೋರ್ಸಿದ್ರಿ!"

"ಅದು ಮುಕ್ತ ದತ್ತಾಂಶ..."

"ಸುಮ್ನಿರಿ ಮಾರಾಯ್ರೆ! ಮಾವಯ್ಯ ಬಂದ್ರೆ ದತ್ತಾಂಶದ್ ಸುಕ್ಕ ಬಡ್ಸುದಾ?"

ಅತ್ತೆ ಮುಖ ಊದಿಸಿಕೊಂಡು ಅಣ್ಣನಿಗಾಗಿ ಬಸಳೆ ಹೆಚ್ಚತೊಡಗಿದರು. ಅಷ್ಟರಲ್ಲಿ ಆ ಅಣ್ಣ, ರಘುಮಾವ, ಅಂಗಳಕ್ಕೆ ಬಂದೇಬಿಟ್ಟರು. ಪ್ಯಾಂಟು ಮೊಣಕಾಲಿನವರೆಗೆ ಕೆಸರು. ಕೈಯಲ್ಲಿ ಮೈಯೊರೆಸುವ ಬೈರಾಸದ ಗಂಟು. ಬಿಚ್ಚಿದರೆ, ಕಲ್ಲಣಬೆ!

"ಎಂತ ಹೆಣ್ಣೆ, ಎಷ್ಟ್ ವರ್ಷದಿಂದ ಕೇಣ್ತಾ ಇದ್ದೆ, ಒಂದ್ ದಿನ ಬಾಯಿ ಬಿಟ್ಟಿದ್ಯಾ ನೀನ್? ನಮ್ಮ ಮುಂಬೈ ಗುಂಪಿಗೂ ಬಂತ್ ಕಾಣ್. ರೈಲ್ ಇಳ್ದವ ಸೀದಾ ಹಾಡಿಗೇ ಹೋದೆ. ನಾನೇ ಫಸ್ಟ್! ಮತ್ತೆ ಹಾಡಿ ಇಡೀ ಸುತ್ತಿ ಈಗ ಬಂದೆ. ನಿನ್ ಅಳಿಯ ಚಿನ್ನದಂಥ ಜನ!"

ಅಣ್ಣನಿಗೆ ಸುಕ್ಕ ಸಿಕ್ಕಿತು. ಆದರೆ ವರ್ಷವರ್ಷವೂ ಅದನ್ನು ಎಲ್ಲಿಂದಲೋ ತಂದು ಬಡಿಸಿ ಅವನನ್ನು ಬೆರಗುಗೊಳಿಸುತ್ತಿದ್ದ ಅತ್ತೆಯ ಗತ್ತು ಹೋಯಿತು. ಈ ನಷ್ಟಕ್ಕೆ ಯಾವ ಆ್ಯಪಿನಲ್ಲೂ ಕಾಲಂ ಇಲ್ಲ.

ಊಟಕ್ಕೆ ಕುಳಿತಾಗ ನನ್ನ ಮೊಬೈಲ್ ಟಿಣ್ ಎಂದಿತು. ದಾಖಲೆ ದೃಢಪಟ್ಟಿತ್ತು! ಮೊತ್ತಮೊದಲನೆಯದು! ದೃಢೀಕರಿಸಿದವರು ಎದುರಿನ ಎಲೆಯ ರಘುಮಾವ. 'ಕಲ್ಲಣಬೆಯೇ. ಪರಿಮಳ ಲಾಯ್ಕ್ ಇತ್' ಎಂದು ಬರೆದಿದ್ದರು.

ಅತ್ತೆ ಎಲ್ಲರ ಎಲೆಗೂ ಸುಕ್ಕ ಬಡಿಸುತ್ತ ಬಂದರು. ನನ್ನ ಎಲೆಗೆ ಬಸಳೆ ಬಿತ್ತು. ನಾನು ತಲೆಯೆತ್ತಿದೆ.

"ನಿಮ್ಗ್ ಫೋಟೊ ಇತ್ತಲ್ದಾ?" ಎಂದು ಅತ್ತೆ ಮುಂದೆ ಹೋದರು.

ಅಂದಿನ ಡೈರಿ: ದೃಢಪಟ್ಟದ್ದು ಒಂದು, ತಿಂದದ್ದು ಸೊನ್ನೆ. ಈಗ ನಾನು ಕಾಗೆಯ ಜಾಗವನ್ನೂ ಮರೆಮಾಡಿಯೇ ಹಾಕುತ್ತೇನೆ!