ರಾಮದುರ್ಗದ ಬಸ್ಸಿನಲ್ಲಿ ವೈನಿಯ ಫ್ಲಾಸ್ಕುಗಳು

ರಸ್ತೆ ಚೆನ್ನಾಗಿದೆ ಎಂದು ಸಿಟ್ಟಾಗುವವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ಬೇರೆ ಯಾರೂ ಅಲ್ಲ, ನಮ್ಮಣ್ಣನ ಹೆಂಡತಿ, ನನ್ನ ವೈನಿ!

ಸೂಕ್ಷ್ಮಜೀವಿ ಶಾಸ್ತ್ರ ಓದಿದ ವೈನಿ ಬೈಲಹೊಂಗಲದ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಸಣ್ಣದೊಂದು ಪ್ರಯೋಗಾಲಯ ಇಟ್ಟಿದ್ದಾರೆ. ಬೆಳೆ ಚೆನ್ನಾಗಿ ಬರಲೆಂದು ಬಿತ್ತುವ ಮೊದಲು ಕಡಲೆ ಬೀಜಕ್ಕೆ ಹಚ್ಚುವ ಬ್ಯಾಕ್ಟೀರಿಯಾ ಬೆಳೆಸುವುದು ಅವರ ಉದ್ಯೋಗ. ಗಾಜಿನ ಫ್ಲಾಸ್ಕಿನ ತಳದಲ್ಲಿ ಒಂದಿಷ್ಟು ಪೋಷಕ ದ್ರವ, ಬಾಯಿಗೆ ಅರಳೆಯ ಬಿರಡೆ. ಅವನ್ನೆಲ್ಲ ಶೇಕರ್ ಎಂಬ ಯಂತ್ರದ ಮೇಲೆ ಕೂಡಿಸಿದರೆ ಅದು ಹಗಲೂ ರಾತ್ರಿ ಕುಲುಕುತ್ತಲೇ ಇರುತ್ತದೆ. ಕುಲುಕಿದರೆ ದ್ರವಕ್ಕೆ ಗಾಳಿ, ಗಾಳಿ ಸಿಕ್ಕರೆ ಬ್ಯಾಕ್ಟೀರಿಯಾಕ್ಕೆ ಬೆಳವಣಿಗೆ. ಇಷ್ಟೇ ವೇದಾಂತ!

ನಮ್ಮವ್ವನಿಗೆ ಈ ವೇದಾಂತ ಒಪ್ಪಿಗೆಯಾಗಲಿಲ್ಲ. "ಅಷ್ಟ ದೊಡ್ಡ ಬಾಟ್ಲ್ಯಾಗ ಇಷ್ಟ ನೀರೇನವಾ? ತುಂಬಿದ ಕೊಡ ತುಳಕೂದಿಲ್ಲ ಅಂತ ಹಿರ್ಯಾರು ಸುಳ್ಳ ಹೇಳ್ಯಾರೇನು?"

"ಅದಕ್ಕರಿ ಅತ್ತಿ! ತುಳಕಲಿಲ್ಲಂದ್ರ ಒಳಗಿದ್ದವು ಉಸಿರು ಕಟ್ಟಿ ಸಾಯ್ತಾವ!"

ಅಂದಿನಿಂದ ಅವ್ವ ವೈನಿಯ ಎದುರು ಗಾದೆ ಹೇಳುವುದನ್ನೇ ಬಿಟ್ಟಳು.

ವೈನಿಗೂ ಒಮ್ಮೆ ಸೋಲಾಗಿದೆ. ರೈತರೊಬ್ಬರು ಬಂದು, "ಅಕ್ಕಾರ, ಔಷಧ ತಯಾರಾತೇನ್ರಿ?" ಎಂದರು.

"ಔಷಧ ಅಲ್ರಿ, ಜೀವ! ಬಿಸಿಲಾಗ ಇಡಬ್ಯಾಡ್ರಿ. ನಿಮ್ಮ ಮೊಮ್ಮಗನ್ನ ಬಿಸಿಲಾಗ ಇಡ್ತೀರೇನು?"

ಅವರು ಶೇಕರಿನ ಕಡೆ ನೋಡಿ, "ಇಡೂದಿಲ್ರಿ. ಆದ್ರ ಅವನ್ನ ಹಿಂಗ ಹಗಲಿ ರಾತ್ರಿ ಕುಲುಕೂದೂ ಇಲ್ರಿ!" ಎಂದುಬಿಟ್ಟರು.

ಹಿಂಗಾರಿ ಬಿತ್ತನೆ ಇನ್ನೇನು ಬಂತು ಎನ್ನುವಾಗ ಶೇಕರಿನ ಮೋಟಾರು ಸುಟ್ಟಿತು. ರೈತರಿಗೆ ಮಾತು ಕೊಟ್ಟಾಗಿದೆ, ಏನು ಮಾಡುವುದು? ರಾಮದುರ್ಗದಲ್ಲಿ ವೈನಿಯ ಗೆಳತಿಯ ಕಾಲೇಜಿನ ಶೇಕರ್ ಖಾಲಿ ಇತ್ತು. ಫ್ಲಾಸ್ಕುಗಳನ್ನು ಪೆಟ್ಟಿಗೆಯಲ್ಲಿ ನಿಲ್ಲಿಸಿಕೊಂಡು, ನಾದಿನಿಯಾದ ನನ್ನನ್ನೂ ಎಳೆದುಕೊಂಡು ವೈನಿ ಬಸ್ಸು ಹತ್ತಿದರು. ಮುಂದೆ ಜಾಗವಿದ್ದರೂ ಅವರಿಗೆ ಹಿಂದಿನ ಗಾಲಿಯ ಮೇಲಿನ ಸೀಟೇ ಬೇಕು!

"ಅಲ್ಲಿ ಭಾಳ ಎತ್ತಿ ಹಾಕತೈತ್ರಿ ವೈನಿ."

"ಹಾಕಲಿ! ಪುಕಟ ಶೇಕರ್ ಸಿಕ್ಕಂಗಾತು."

ಸೀಟೆಲ್ಲ ಭರ್ತಿಯಾದ ಮೇಲೆ ಕಂಡಕ್ಟರ್ ಬಂದರು. "ಪೆಟ್ಟಿಗ್ಯಾಗ ಏನೈತ್ರಿ?"

"ಜೀವ ಅದಾವ್ರಿ. ಕೋಟಿ ಕೋಟಿ!"

ಕಂಡಕ್ಟರ್ ತುಂಬಿದ ಬಸ್ಸನ್ನೊಮ್ಮೆ ನೋಡಿದರು. "ಕುಂತ ಬರತಾವೋ, ನಿಂತೋ?"

ಸವದತ್ತಿ ದಾಟಿದ್ದೇ ಹೊಸ ಡಾಂಬರು ಬಂತು. ಬಸ್ಸು ಬೆಣ್ಣೆಯ ಮೇಲೆ ಜಾರಿದಂತೆ ಹೊರಟಿತು. ಎಲ್ಲರೂ ತೂಕಡಿಸಿದರೆ ವೈನಿ ಮಾತ್ರ, "ಏನ್ ರಸ್ತೆ ಮಾಡ್ಯಾರ! ಒಂದರೆ ತಗ್ಗು ಬ್ಯಾಡೇನು?" ಎಂದು ಗೊಣಗಿದರು. ದೇವರು ಕೇಳಿಸಿಕೊಂಡ. ಮುಂದೆ ಹಳೆಯ ರಸ್ತೆ ಬಂತು, ವೈನಿಯ ಮುಖ ಅರಳಿತು.

ಆಗಲೇ ಒಂದು ಹಳ್ಳಿಯಲ್ಲಿ ತುಂಬು ಬಸುರಿಯೊಬ್ಬಳು ತಾಯಿಯ ಜೊತೆ ಹತ್ತಿದಳು. ಹೆರಿಗೆ ನೋವು ಶುರುವಾಗಿತ್ತು. ತಗ್ಗು ಬಂದಾಗೊಮ್ಮೆ ಆಕೆಯ ನರಳಾಟ ಕೇಳುತ್ತಿತ್ತು.

ವೈನಿ ಪೆಟ್ಟಿಗೆಯನ್ನು ಕೆಳಗಿಟ್ಟು ಎದ್ದೇಬಿಟ್ಟರು. "ಡ್ರೈವರಣ್ಣಾ, ಸಾವಕಾಶ ಹೊಡೀರಿ! ತಗ್ಗು ತಪ್ಪಸ್ರಿ!" ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ನೀನೂ ಬಾ, ಕಾಲು ತಿಕ್ಕು" ಎಂದು ನನ್ನನ್ನು ಕರೆದರು. ಒಂದು ತಿರುವಿನಲ್ಲಿ ಹಿಂದೆ ಪೆಟ್ಟಿಗೆ ಉರುಳಿತು. ಗಾಜು ಒಡೆದ ಸದ್ದು ಇಡೀ ಬಸ್ಸಿಗೆ ಕೇಳಿಸಿತು. ವೈನಿ ತಿರುಗಿಯೂ ನೋಡಲಿಲ್ಲ.

ಬಸ್ಸು ನೇರ ರಾಮದುರ್ಗದ ಆಸ್ಪತ್ರೆಯ ಎದುರಿಗೇ ನಿಂತಿತು. ಆಕೆಯನ್ನು ಒಳಗೆ ಕರೆದೊಯ್ದ ಮೇಲೆ ನಾನು ಪೆಟ್ಟಿಗೆ ತೆರೆದೆ. ಅರ್ಧ ಫ್ಲಾಸ್ಕುಗಳು ಚೂರಾಗಿದ್ದವು. ಉಳಿದವುಗಳ ಅರಳೆ ತೊಯ್ದು, ಹೊರಗಿನ ಕ್ರಿಮಿಗೆ ದಾರಿಯಾಗಿ ಅವೂ ಕೆಟ್ಟಿದ್ದವು.

"ವೈನಿ, ಎಲ್ಲಾ ಹೋದುವ್ರಿ..."

"ಹೋಗಲಿ ಬಿಡು. ಮತ್ತ ಬೆಳಸತೇನಿ," ಎಂದರು, ಹೆರಿಗೆ ಕೋಣೆಯ ಬಾಗಿಲಿನಿಂದ ಕಣ್ಣು ಕೀಳದೆ. ಆಮೇಲೆ ಬೆಳೆಸಿದರು ಕೂಡ. ರೈತರಿಗೆ ತುಸು ತಡವಾಯಿತು, ಅಷ್ಟೇ.

ಬಹಳ ಹೊತ್ತಿನ ಮೇಲೆ ಒಳಗಿನಿಂದ ಎಳೆಯ ಅಳು ಕೇಳಿತು. ಬಾಣಂತಿಯ ತಾಯಿ ಹೊರಗೆ ಬಂದು ವೈನಿಯ ಎರಡೂ ಕೈ ಹಿಡಿದು, "ಹೆಣ್ಣು ಕೂಸವಾ. ಇಬ್ಬರೂ ಆರಾಮ ಅದಾರ" ಎಂದಳು.

ಮಾತಿಗೊಂದು ಉತ್ತರ ಕೊಡುವ ನಮ್ಮ ವೈನಿ ಈಗ ಏನೋ ಅನ್ನುತ್ತಾರೆ ಎಂದು ನಾನು ಕಾದೆ. ಅವರೋ, ಹೆಸರೂ ಗೊತ್ತಿಲ್ಲದ ಆ ಹೆಂಗಸಿನ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತುಬಿಟ್ಟರು.